ಕಿತ್ತೂರು ಸೀಮೆಯ ಹಳೆಯ ಖಡ್ಗಗಳು: ಅವುಗಳ ಗುರುತು ಮತ್ತು ಸಂಗ್ರಹ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನೊಳಗೊಂಡ ಮಲಪ್ರಭೆಯ ಸೀಮೆಯಲ್ಲಿ ಸಂಚರಿಸುವ ಇತಿಹಾಸಾಸಕ್ತರ ಕಣ್ಣಿಗೆ ದೇಸಗತಿಯ ವಾಡೆಗಳಲ್ಲಿಯೂ, ಗೌಡಕಿಯ ಮನೆಗಳಲ್ಲಿಯೂ, ಗುಡಿಗಳಲ್ಲಿಯೂ ಒಂದಿಲ್ಲೊಂದು ಹಳೆಯ ಖಡ್ಗವು ಬೀಳದೆ ಇರದು. ಅದನ್ನು ತೋರಿಸುವವರು "ಇದು ಚನ್ನಮ್ಮ ರಾಣಿಯ ಕಾಲದ್ದು" ಎಂದಾಗಲಿ, "ರಾಯಣ್ಣನ ಸಂಗಡ ಹೋದ ನಮ್ಮ ಹಿರಿಯರದು" ಎಂದಾಗಲಿ ಹೇಳುವುದು ವಾಡಿಕೆ. ಕೇಳುವವರಲ್ಲಿ ಎರಡು ಬಗೆಯುಂಟು. ಕೆಲವರು ಹೇಳಿದುದೆಲ್ಲವನ್ನೂ ಹಾಗೆಯೇ ನಂಬಿ ಬರೆದುಕೊಳ್ಳುತ್ತಾರೆ. ಕೆಲವರು ಇದೆಲ್ಲ ಕಟ್ಟುಕಥೆಯೆಂದು ನಕ್ಕು, ಖಡ್ಗವನ್ನು ಕೈಯಲ್ಲಿ ಹಿಡಿದು ಸಹ ನೋಡದೆ ಹಿಂದಿರುಗುತ್ತಾರೆ. ಈ ಎರಡು ಮಾರ್ಗಗಳಿಂದಲೂ ಇತಿಹಾಸಕ್ಕೆ ಹಾನಿಯೇ ಹೊರತು ಲಾಭವಿಲ್ಲ. ಶಾಸನಗಳನ್ನು ಓದುವುದಕ್ಕೆ ಒಂದು ಕ್ರಮವಿರುವಂತೆ ಅಲಗುಗಳನ್ನು ಓದುವುದಕ್ಕೂ ಒಂದು ಕ್ರಮವುಂಟು. ಆ ಕ್ರಮವನ್ನು ಈ ಸೀಮೆಯ ಆಯುಧಗಳಿಗೆ ಅನ್ವಯಿಸಿ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

೧. ಸೀಮೆಯ ಶಸ್ತ್ರಪರಂಪರೆ

ಈ ನಾಡು ಬಹುಕಾಲದಿಂದ ಆಯುಧಧಾರಿಗಳ ನಾಡು. ಸುಗಂಧವರ್ತಿಯೆಂದು ಶಾಸನಗಳಲ್ಲಿ ಹೆಸರುಗೊಂಡಿರುವ ಸವದತ್ತಿಯು ರಟ್ಟರ ರಾಜಧಾನಿಯಾಗಿತ್ತು. ನಮ್ಮ ಊರೂರಿನ ವೀರಗಲ್ಲುಗಳಲ್ಲಿ ಕಾದುವ ಭಟನ ಕೈಯಲ್ಲಿ ಕತ್ತಿ ಗುರಾಣಿಗಳೂ ನಡುವಿನಲ್ಲಿ ಕಿರಿಯ ಸುರಗಿಯೂ ಕಂಡುಬರುತ್ತವೆ. ಕಲ್ಲುಕುಟಿಗರು ತಮ್ಮ ಕಾಲದ ಆಯುಧವನ್ನು ಕಣ್ಣಾರೆ ಕಂಡು ಕಡೆದವರಾದುದರಿಂದ, ಲೋಹದ ಅಲಗುಗಳು ಉಳಿದಿರದ ಶತಮಾನಗಳಿಗೆ ಈ ಕಲ್ಲುಗಳೇ ನಮಗೆ ಆಧಾರ. ಹಳಗನ್ನಡದ ಬಾಳ್, ಅಸಿ, ಕರವಾಳ, ಸುರಗಿ ಎಂಬ ಶಬ್ದಗಳು ಕಾವ್ಯಗಳಲ್ಲಿ ಹೇರಳವಾಗಿ ಬರುತ್ತವೆ. ವಿಜಯನಗರದ ಸಾಳುವ ವಂಶದವರಿಗೆ 'ಕಠಾರಿ ಸಾಳುವ'ನೆಂಬ ಬಿರುದಿದ್ದುದನ್ನು ನೋಡಿದರೆ, ಆಯುಧದ ಹೆಸರೇ ಒಂದು ಮನೆತನದ ಗೌರವದ ಕುರುಹಾಗಿದ್ದಿತೆಂಬುದು ಸ್ಪಷ್ಟವಾಗುತ್ತದೆ.

ಬಳಿಕ ಬಂದ ದೇಸಗತಿಗಳ ಕಾಲದಲ್ಲಿ ಈ ಪರಂಪರೆ ಇನ್ನಷ್ಟು ಹಬ್ಬಿತು. ಶಿವಾಜಿಯು ದಕ್ಷಿಣದ ದಂಡಯಾತ್ರೆಯಿಂದ ಹಿಂದಿರುಗುವಾಗ, ೧೬೭೮ರ ಸುಮಾರಿಗೆ, ಬೈಲಹೊಂಗಲದ ಬಳಿಯ ಬೆಳವಡಿಯ ಮಲ್ಲಮ್ಮನು ಅವನ ಸೈನ್ಯವನ್ನು ಎದುರಿಸಿದುದು ಪ್ರಸಿದ್ಧವಾಗಿದೆ. ಸವದತ್ತಿಯ ಕೋಟೆಯು ಹದಿನೆಂಟನೆಯ ಶತಮಾನದಲ್ಲಿ ಸಿರಸಂಗಿಯ ದೇಸಾಯರಿಂದ ಕಟ್ಟಲ್ಪಟ್ಟಿತು. ಕಿತ್ತೂರಿನ ಮಲ್ಲಸರ್ಜನು ಮರಾಠರ ಮತ್ತು ಮೈಸೂರಿನವರ ನಡುವೆ ಸಿಕ್ಕಿ ಎರಡೂ ಕಡೆಯ ಒತ್ತಡವನ್ನು ತಾಳಬೇಕಾಯಿತು. ನರಗುಂದ ರಾಮದುರ್ಗಗಳಲ್ಲಿ ಭಾವೆ ಮನೆತನದವರು ಆಳಿದರು. ಇಷ್ಟು ರಾಜಕೀಯ ಸಂಪರ್ಕಗಳಿದ್ದ ಸೀಮೆಯಲ್ಲಿ ಒಂದೇ ಬಗೆಯ 'ಕಿತ್ತೂರು ಖಡ್ಗ'ವನ್ನು ಹುಡುಕುವುದು ವ್ಯರ್ಥಪ್ರಯಾಸವೇ ಸರಿ. ವಿಜಾಪುರದ, ಮರಾಠರ, ಮೈಸೂರಿನ, ಗೋವೆಯ ಪೋರ್ತುಗೀಜರ ಮತ್ತು ಕೊನೆಗೆ ಕಂಪನಿಯವರ ಆಯುಧಗಳು ಇಲ್ಲಿ ಒಂದರೊಡನೊಂದು ಕಲೆತಿವೆ.

ಇನ್ನೊಂದು ವಿಷಯವನ್ನು ವಾಚಕರು ಲಕ್ಷಿಸಬೇಕು. ಕಿತ್ತೂರಿನ ಬಲದಲ್ಲಿ ಬಹುಭಾಗವು ಸಂಬಳದ ದಂಡಲ್ಲ. ಅವರು ಶೇತಸನದಿಗಳು, ಎಂದರೆ ಚಾಕರಿಗೆ ಪ್ರತಿಯಾಗಿ ಇನಾಮು ಹೊಲಗಳನ್ನು ಉಣ್ಣುತ್ತಿದ್ದ ಒಕ್ಕಲು ಭಟರು. ಸಂಗೊಳ್ಳಿಯ ರಾಯಣ್ಣನು ಅಂತಹ ಒಬ್ಬ ಶೇತಸನದಿ. ಇವರ ಆಯುಧಗಳು ಅರಮನೆಯ ಆಯುಧಶಾಲೆಯಲ್ಲಿರದೆ ಅವರವರ ಮನೆಯ ತೊಲೆಯ ಸಂದಿಯಲ್ಲಿ, ಕುಡುಗೋಲು ಕೊಡಲಿಗಳ ಪಕ್ಕದಲ್ಲಿಯೇ ಇರುತ್ತಿದ್ದವು. ಚಿನ್ನದ ಕೆಲಸದ ಖಡ್ಗಗಳನ್ನು ಮಾತ್ರ ಹುಡುಕುವವರಿಗೆ ನಿಜವಾಗಿ ಕಾದಿದವರ ಅಲಗು ಎಂದೂ ಸಿಕ್ಕದು.

೨. ಅಲಗುಗಳು ವಿರಳವಾದ ಬಗೆ

ಇಷ್ಟು ಆಯುಧಗಳಿದ್ದ ನಾಡಿನಲ್ಲಿ ಇಂದು ಇಷ್ಟು ಕಡಿಮೆ ಉಳಿದಿರುವುದೇಕೆ? ಇದಕ್ಕೆ ಉತ್ತರವು ಮೂರು ಘಟನೆಗಳಲ್ಲಿದೆ.

ಮೊದಲನೆಯದು ೧೮೨೪ರ ಕಿತ್ತೂರಿನ ಪತನ. ಶಿವಲಿಂಗರುದ್ರಸರ್ಜನು ಆ ವರ್ಷದ ಸೆಪ್ಟೆಂಬರದಲ್ಲಿ ಮಡಿದ ತರುವಾಯ ದತ್ತಕವನ್ನು ಕಂಪನಿಯವರು ಒಪ್ಪಲಿಲ್ಲ. ಅಕ್ಟೋಬರ ೨೩ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಗುಂಡಿನಿಂದ ಹತನಾದನು. ಸ್ಟೀವನ್‌ಸನ್, ಇಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಡಿಸೆಂಬರ ೫ರಂದು ಕೋಟೆಯು ಕಂಪನಿಯ ವಶವಾಯಿತು. ಕೋಟೆಯೊಳಗಿನ ಹಣ, ಒಡವೆ, ಆನೆ ಕುದುರೆಗಳೊಡನೆ ಆಯುಧಗಳೂ ಗೆದ್ದವರ ಕೈಸೇರಿದವು. ಅರಮನೆಯ ಉತ್ತಮ ಖಡ್ಗಗಳು ಇಲ್ಲಿಯೇ ಉಳಿದಿರುವ ಸಂಭವವು ಆದುದರಿಂದ ಬಹಳ ಕಡಿಮೆ. ಅಂದು ಸೆರೆಯಲ್ಲಿದ್ದು ಮರ್ಯಾದೆಯಿಂದ ಬಿಡುಗಡೆಗೊಂಡ ವಾಲ್ಟರ ಇಲಿಯಟನೇ ಮುಂದೆ ಕರ್ನಾಟಕದ ನೂರಾರು ಶಾಸನಗಳ ನಕಲುಗಳನ್ನು ಮಾಡಿಸಿ ನಮ್ಮ ಇತಿಹಾಸಕ್ಕೆ ಮಹದುಪಕಾರ ಮಾಡಿದನು. ಕಲ್ಲಿನ ಬರಹಕ್ಕೆ ದೊರೆತ ಆ ಭಾಗ್ಯವು ಕಬ್ಬಿಣದ ಅಲಗುಗಳಿಗೆ ದೊರೆಯಲಿಲ್ಲ.

ಎರಡನೆಯದು ರಾಯಣ್ಣನ ದಂಗೆಯ ಅಡಗುವಿಕೆ. ರಾಣಿ ಚನ್ನಮ್ಮನು ೧೮೨೯ರ ಫೆಬ್ರವರಿ ೨ರಂದು ಬೈಲಹೊಂಗಲದ ಸೆರೆಯಲ್ಲಿ ದಿವಂಗತಳಾದಳು. ಅದೇ ವರ್ಷ ಆರಂಭವಾದ ರಾಯಣ್ಣನ ದಂಗೆಯು ೧೮೩೦ರ ಏಪ್ರಿಲದಲ್ಲಿ ಅವನು ಸೆರೆಸಿಕ್ಕುವುದರೊಂದಿಗೆ ಮುಗಿಯಿತು. ೧೮೩೧ರ ಜನವರಿ ೨೬ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಹಳ್ಳದಲ್ಲಿ ಮೀಯುವಾಗ ಖಡ್ಗವು ಕೈಯಲ್ಲಿಲ್ಲದ ಸಮಯ ನೋಡಿ ಅವನನ್ನು ಹಿಡಿದರೆಂದು ಜನರು ಇಂದಿಗೂ ಹಾಡಿ ಹೇಳುತ್ತಾರೆ. ಈ ಕಥೆಯ ಮರ್ಮವೇನೆಂದರೆ, ಖಡ್ಗವಿಲ್ಲದವನು ಮಾತ್ರ ಸೋಲತಕ್ಕವನೆಂಬ ನಂಬಿಕೆ. ದಂಗೆಯ ತರುವಾಯ ಅಂತಹ ಖಡ್ಗವನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪಾಯಕರವಾಗಿದ್ದಿರಬೇಕು.

ಮೂರನೆಯದೇ ಎಲ್ಲಕ್ಕಿಂತ ವ್ಯಾಪಕವಾದುದು, ನಿಃಶಸ್ತ್ರೀಕರಣದ ಕಾಯದೆ. ೧೮೫೭ರಲ್ಲಿ ಈ ಕಾಯದೆಯು ಜಾರಿಗೆ ಬಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಹೋರಾಡಿ, ಹಲವರು ಗಲ್ಲಿಗೇರಿದರು. ಮರುವರ್ಷದ ಮೇ ತಿಂಗಳಲ್ಲಿ ರಾಮದುರ್ಗದಿಂದ ಹೊರಟ ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ನನು ಸುರೇಬಾನದಲ್ಲಿ ರಾತ್ರಿ ತಂಗಿದ್ದಾಗ ನರಗುಂದದ ಬಾಬಾಸಾಹೇಬನ ಬಲವು ಅವನನ್ನು ಕೊಂದು ಶಿರಸ್ಸನ್ನು ನರಗುಂದಕ್ಕೆ ಒಯ್ದಿತು. ನರಗುಂದವು ಜೂನ ತಿಂಗಳ ಮೊದಲಲ್ಲಿಯೇ ಬಿದ್ದು, ಬಾಬಾಸಾಹೇಬನು ೧೮೫೮ರ ಜೂನ ೧೨ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಇವುಗಳ ತರುವಾಯ ಆಯುಧಗಳ ಶೋಧವು ಬಿಗಿಯಾಯಿತು. ೧೮೭೮ರ ಆಯುಧ ಕಾಯದೆಯು ಉಳಿದುದನ್ನು ಮುಗಿಸಿತು. ಸರಕಾರಕ್ಕೆ ಒಪ್ಪಿಸಿದವು ಒಪ್ಪಿಸಲ್ಪಟ್ಟವು, ಬಾವಿಗೆ ಬಿದ್ದವು ಬಿದ್ದವು. ಮಿಕ್ಕವುಗಳಲ್ಲಿ ಎಷ್ಟೋ ಕಮ್ಮಾರನ ಕುಲುಮೆಯನ್ನು ಹೊಕ್ಕು ಕುಡುಗೋಲಾಗಿ, ಕುರುಪಿಯಾಗಿ ಹೊರಬಿದ್ದಿರಬೇಕು.

ಇದಕ್ಕೆ ವಿರುದ್ಧವಾದ ಉದಾಹರಣೆಯು ಕೊಡಗು. ಕೊಡವರಿಗೆ ಆಯುಧ ಕಾಯದೆಯಿಂದ ವಿನಾಯಿತಿ ದೊರೆತುದರಿಂದ ಅವರ ಪೀಚೆಕತ್ತಿ, ಒಡಿಕತ್ತಿಗಳು ಮನೆಮನೆಯಲ್ಲಿ ಉಳಿದವು. ಮದುವೆ ಹಬ್ಬಗಳಲ್ಲಿ ಇಂದಿಗೂ ಮೈಮೇಲೆ ಬರುತ್ತವೆ. ಕಾಯದೆಯೊಂದು ಒಂದು ನಾಡಿನ ಲೋಹದ ನೆನಪನ್ನು ಹೇಗೆ ಉಳಿಸಬಲ್ಲುದು, ಹೇಗೆ ಅಳಿಸಬಲ್ಲುದು ಎಂಬುದಕ್ಕೆ ಕೊಡಗು ಕಿತ್ತೂರುಗಳೆರಡೂ ಸಾಕ್ಷಿಯಾಗಿವೆ.

೩. ಹೆಸರುಗಳ ತೊಡಕು

ಅಲಗನ್ನು ಗುರುತಿಸುವವನು ಮೊದಲು ಹೆಸರುಗಳ ಬಲೆಯಿಂದ ಪಾರಾಗಬೇಕು. ಈ ಸೀಮೆಯಲ್ಲಿ 'ಖಂಡೆ'ಯೆಂದರೆ ಮಹಾನವಮಿಯ ಖಂಡೇಪೂಜೆಯಲ್ಲಿ ಇಡುವ ಯಾವ ಆಯುಧವಾದರೂ ಆಗಬಹುದು. ಆದರೆ ಆಯುಧಶಾಸ್ತ್ರಜ್ಞರು ಖಂಡೆಯೆಂದು ಕರೆಯುವುದು ನೆಟ್ಟಗಿನ, ತುದಿಯ ಕಡೆಗೆ ಅಗಲವಾಗುವ, ಅಂಚಿಗೆ ಬಲಪಟ್ಟಿಗಳನ್ನು ಬೆಸೆದ ಒಂದು ವಿಶಿಷ್ಟ ಖಡ್ಗವನ್ನು. 'ಫಿರಂಗಿ' ಎಂಬ ಶಬ್ದದ ತೊಡಕು ಇನ್ನೂ ಹೆಚ್ಚಿನದು. ಕನ್ನಡದಲ್ಲಿ ಫಿರಂಗಿಯೆಂದರೆ ತೋಪು. ಮರಾಠರ ವ್ಯವಹಾರದಲ್ಲಿ ಅದು ಫರಂಗಿಯವರ ನಾಡಿನಿಂದ ಬಂದ ನೆಟ್ಟಗಿನ ಅಲಗುಳ್ಳ ಖಡ್ಗ. ಹಳೆಯ ಕಾಗದಪತ್ರಗಳಲ್ಲಿ 'ಫಿರಂಗಿ'ಗಳ ಎಣಿಕೆ ಕಂಡಾಗ ಸಂದರ್ಭವನ್ನು ನೋಡದೆ ಅರ್ಥಮಾಡಿದರೆ ಖಡ್ಗಗಳು ತೋಪುಗಳಾಗಿ ಬಿಡುವ ಭಯವುಂಟು.

ಸೀಮೆಯಲ್ಲಿ ಕಾಣಬರುವ ಮುಖ್ಯ ಬಗೆಗಳನ್ನು ಸಂಗ್ರಹವಾಗಿ ಹೇಳಬಹುದು. ತಲವಾರವೆಂಬುದು ಬಾಗಿದ ಒಂದು ಬಾಯಿಯ ಅಲಗು. ಹಿಡಿಯ ತಲೆಯಲ್ಲಿ ತಟ್ಟೆಯಂತಹ ಬಿಲ್ಲೆಯಿರುತ್ತದೆ. ನೆಟ್ಟಗಿನ ಖಂಡೆ ಮತ್ತು ಫಿರಂಗಿಗಳಿಗೆ ಕೈಯನ್ನು ಮುಚ್ಚುವ ಅಗಲವಾದ ಬುಟ್ಟಿಯ ಹಿಡಿಯೂ, ಅದರ ಮೇಲೆ ಎಡಗೈಯಿಂದ ಹಿಡಿದು ಎರಡು ಕೈಯಿಂದ ಬೀಸಲು ಅನುಕೂಲವಾದ ಮೊಳೆಯೂ ಇರುತ್ತವೆ. ಪಟ್ಟಾ ಎಂಬುದರಲ್ಲಿ ಹಿಡಿಯು ಮೊಳಕೈಯವರೆಗೆ ಬರುವ ಲೋಹದ ಕೈಚೀಲ. ಒಳಗಿನ ಅಡ್ಡಪಟ್ಟಿಯನ್ನು ಹಿಡಿದು ನೆಟ್ಟಗಿನ ಉದ್ದ ಅಲಗನ್ನು ತೋಳಿನ ಮುಂದುವರಿಕೆಯಂತೆ ಬೀಸಬೇಕು. ಕಠಾರಿಯಲ್ಲಿ ಎರಡು ಸಮಾಂತರ ಪಟ್ಟಿಗಳ ನಡುವೆ ಅಡ್ಡಹಿಡಿಯಿದ್ದು, ಮುಷ್ಟಿಯಿಂದ ಗುದ್ದುವಂತೆ ತಿವಿಯಲಾಗುತ್ತದೆ. ದಕ್ಷಿಣದ ಹಳೆಯ ಕಠಾರಿಗಳಲ್ಲಿ ಹೆಡೆಯಂತೆ ಮುಷ್ಟಿಯ ಬೆನ್ನನ್ನು ಮುಚ್ಚುವ ತಗಡಿರುವುದುಂಟು. ಬಿಚ್ಚುವಾ ಎಂಬುದು ಚೇಳಿನ ಕೊಂಡಿಯಂತೆ ಎರಡು ಬಾರಿ ಬಾಗಿದ ಚಿಕ್ಕ ಅಲಗು. ಇವುಗಳ ವರ್ಗೀಕರಣಕ್ಕೆ ಎಗರ್ಟನ್ನನು ೧೮೮೦ರಲ್ಲಿ ಪ್ರಕಟಿಸಿದ ಹಿಂದುಸ್ಥಾನದ ಆಯುಧಗಳ ಕೈಪಿಡಿಯು ಮೊದಲ ಆಧಾರ. ದಕ್ಷಿಣದ ಹಿಡಿಗಳ ಕಾಲನಿರ್ಣಯಕ್ಕೆ ತಂಜಾವೂರಿನ ಆಯುಧಶಾಲೆಯ ವಸ್ತುಗಳನ್ನೂ ದೇವಾಲಯಗಳ ಶಿಲ್ಪಗಳನ್ನೂ ಹೋಲಿಸಿ ರಾಬರ್ಟ ಎಲ್ಗುಡ್‌ರು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥವು ಈಗ ದಾರಿದೀಪವಾಗಿದೆ.

೪. ಉಕ್ಕಿನ ಸಾಕ್ಷ್ಯ

ಆಕಾರಕ್ಕಿಂತ ಆಳವಾದ ಸಾಕ್ಷ್ಯವು ಲೋಹದಲ್ಲಿದೆ. ಜಗತ್ತಿನ ಲೋಹಶಾಸ್ತ್ರಜ್ಞರು 'ವೂಟ್ಸ್' ಎಂದು ಕರೆಯುವ ಉಕ್ಕಿನ ಹೆಸರು ನಮ್ಮ 'ಉಕ್ಕು' ಎಂಬ ಕನ್ನಡ ಶಬ್ದದಿಂದಲೇ ಹುಟ್ಟಿತೆಂಬುದು ಬಹುಮಂದಿ ಪಂಡಿತರ ಮತ. ಮುಂಬಯಿಯಿಂದ ಹೆಲೆನಸ್ ಸ್ಕಾಟನು ಕಳಿಸಿದ ಮಾದರಿಗಳನ್ನು ಪರೀಕ್ಷಿಸಿ ಪಿಯರ್ಸನ್ನನು ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಓದಿದ ಲೇಖನದಿಂದ ಈ ಹೆಸರು ಯುರೋಪಿನಲ್ಲಿ ಹಬ್ಬಿತು. ಇದರ ತಯಾರಿಕೆಯ ಕ್ರಮವು ಸರಳವಾದರೂ ಸೂಕ್ಷ್ಮವಾದುದು. ಮೆದು ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಟ್ಟಿಗೆ ಮತ್ತು ಹಸುರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ತಿದಿಯೊತ್ತಿ ಕಾಸಿದರೆ ಕಟ್ಟಿಗೆಯ ಇದ್ದಲಿನ ಅಂಶವು ಕಬ್ಬಿಣದೊಳಗೆ ಸೇರಿ ಅದು ಉಕ್ಕಾಗಿ ಕರಗುತ್ತದೆ. ನಿಧಾನವಾಗಿ ಆರಿದ ಆ ಗಟ್ಟಿಯನ್ನು ಹದವಾದ ಕಾವಿನಲ್ಲಿ ಬಡಿದು ಅಲಗು ಮಾಡಿದರೆ, ಅದರ ಮೈಮೇಲೆ ನೀರಿನ ತೆರೆಗಳಂತಹ ರೇಖೆಗಳು ತೋರುತ್ತವೆ. ಕಾವು ಹೆಚ್ಚಾದರೆ ರೇಖೆಗಳು ಅಳಿಯುತ್ತವೆ. ಇದನ್ನು ಅರಿತ ಕುಶಲನು ಕೆಂಪುಕಾವನ್ನು ದಾಟಗೊಡುತ್ತಿರಲಿಲ್ಲ.

ಈ ತೆರೆಗಳನ್ನು ಎತ್ತಿ ತೋರಿಸಲು ಹಳಬರು ಅನ್ನಭೇದಿಯಂತಹ ಲವಣದ ನೀರನ್ನು ಸವರುತ್ತಿದ್ದರು. ಶತಮಾನಗಳ ತುಕ್ಕು ಎಣ್ಣೆಗಳಲ್ಲಿ ಅಡಗಿ ರೇಖೆಯು ಕಾಣದಿದ್ದ ಮಾತ್ರಕ್ಕೆ ಅಲಗು ಉಕ್ಕಿನದಲ್ಲವೆನ್ನಲಾಗದು. ಹಾಗೆಂದು ಸಂಗ್ರಾಹಕನು ತಾನೇ ಆಮ್ಲ ಹಾಕಿ ಪರೀಕ್ಷಿಸಲು ಹೋಗಬಾರದು. ಒಂದು ದಿನದ ಕುತೂಹಲದಿಂದ ಇನ್ನೂರು ವರ್ಷಗಳ ಮೈಬಣ್ಣವು ಹಾಳಾದೀತು. ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಿಂದ ನೋಡಿದರೆ ಬಹಳಷ್ಟು ತಿಳಿಯುತ್ತದೆ.

ಕಮ್ಮಾರರ ವಿಷಯದಲ್ಲಿ ಒಂದು ಮಾತು ಇಲ್ಲಿ ಉಚಿತವಾಗಿದೆ. ಸವದತ್ತಿ ತಾಲೂಕಿನ ಸಿರಸಂಗಿಯ ಕಾಳಿಕಾದೇವಿಯು ವಿಶ್ವಕರ್ಮ ಸಮಾಜದ ಆರಾಧ್ಯದೇವತೆ. ಕಬ್ಬಿಣ, ಕಂಚು, ಚಿನ್ನ, ಮರ, ಕಲ್ಲುಗಳ ಕೆಲಸದವರೆಲ್ಲ ಅಲ್ಲಿಗೆ ಯಾತ್ರೆ ಬರುತ್ತಾರೆ. ಅಲಗನ್ನು ಬಡಿದವನ ಹೆಸರು ನಮ್ಮ ಕಡೆಯ ಖಡ್ಗಗಳ ಮೇಲೆ ಬಹುಮಟ್ಟಿಗೆ ಇರುವುದೇ ಇಲ್ಲ. ಹಿಡಿದವನ ಹೆಸರು ಲಾವಣಿಯಲ್ಲಿ ಉಳಿಯಿತು, ಮಾಡಿದವನದು ಉಳಿಯಲಿಲ್ಲ. ಸಿರಸಂಗಿಗೆ ನಡೆದುಕೊಳ್ಳುವ ಕಮ್ಮಾರ ಮನೆತನಗಳಲ್ಲಿ ಅಲಗು ಬಡಿಯುವ, ನೀರು ಹಿಡಿಸುವ ಕ್ರಮಗಳ ವಿಷಯವಾಗಿ ಹಿರಿಯರು ಆಡುವ ಮಾತುಗಳನ್ನು ಬರೆದಿಡುವುದು ಖಡ್ಗಗಳನ್ನು ಕೂಡಿಸುವುದಕ್ಕಿಂತ ಕಡಿಮೆಯಾದ ಕೆಲಸವಲ್ಲ.

೫. ಅಲಗು, ಹಿಡಿ, ಮುದ್ರೆ

ಖಡ್ಗವು ಒಂದೇ ವಸ್ತುವಲ್ಲ. ಅಲಗಿನ ಬಾಲವನ್ನು ಹಿಡಿಯ ಪೊಳ್ಳಿನಲ್ಲಿ ತೂರಿಸಿ, ಕಾಸಿದ ಅರಗನ್ನು ಹೊಯ್ದು ಕೂಡಿಸುವುದು ಹಿಂದುಸ್ಥಾನದ ಸಾಮಾನ್ಯ ಪದ್ಧತಿ. ಹಿಡಿಯನ್ನು ಕಾಸಿದರೆ ಅರಗು ಕರಗಿ ಅಲಗು ಬಿಡಿಯಾಗುತ್ತದೆ. ಆದುದರಿಂದ ಒಂದು ಅಲಗು ತನ್ನ ಆಯುಷ್ಯದಲ್ಲಿ ಎರಡು ಮೂರು ಹಿಡಿಗಳನ್ನು ಕಂಡಿರುವುದು ಸಹಜ. ತಂದೆಯ ಅಲಗಿಗೆ ಮಗನು ತನ್ನ ಕಾಲದ ಹಿಡಿಯನ್ನು ಹಾಕಿಸುತ್ತಿದ್ದನು. ಹೀಗಿರುವಾಗ ಹಿಡಿಯ ಕಾಲವನ್ನು ನೋಡಿ ಅಲಗಿನ ಕಾಲವನ್ನಾಗಲಿ, ಅಲಗಿನ ಮುದ್ರೆಯನ್ನು ನೋಡಿ ಹಿಡಿಯ ಕಾಲವನ್ನಾಗಲಿ ನಿರ್ಣಯಿಸಕೂಡದು. ಇವೆರಡನ್ನೂ ಬೇರೆಬೇರೆ ಬರೆದುಕೊಳ್ಳಬೇಕು. ಒರೆಯು ಇವೆರಡಕ್ಕಿಂತಲೂ ಬೇಗ ಹಾಳಾಗತಕ್ಕುದು, ಅದರ ಕಾಲವು ಮೂರನೆಯದು.

ಮುದ್ರೆಗಳಲ್ಲಿ ಮೊದಲು ಪರೀಕ್ಷಿಸತಕ್ಕವು ಯುರೋಪಿನವು. ಗೋವೆಯ ಬಂದರವು ಈ ಸೀಮೆಗೆ ಸಮೀಪದಲ್ಲಿದ್ದುದರಿಂದ ಪೋರ್ತುಗೀಜರ ಮೂಲಕ ಬಂದ ಅಲಗುಗಳು ಘಟ್ಟವನ್ನೇರಿ ಬಂದುದು ಸಹಜವೇ. ಜರ್ಮನಿಯ ಸೋಲಿಂಗೆನ್ ಪಟ್ಟಣದ ಓಡುವ ತೋಳದ ಗುರುತು, ಇಟಲಿಯ ಜಿನೋವಾದವೆನ್ನಲಾಗುವ ಹಲ್ಲುಗಳುಳ್ಳ ಕುಡುಗೋಲಿನಂತಹ ಜೋಡಿ ಗೆರೆಗಳು, ಆಂಡ್ರಿಯಾ ಫೆರಾರಾ ಎಂಬ ಹೆಸರು ಇವು ಪ್ರಸಿದ್ಧವಾಗಿವೆ. ಆದರೆ ಇವುಗಳ ಕೀರ್ತಿಯೇ ಇವುಗಳಿಗೆ ಶತ್ರುವಾಯಿತು. ಯುರೋಪಿನಲ್ಲಿಯೂ ನಮ್ಮಲ್ಲಿಯೂ ಈ ಗುರುತುಗಳನ್ನು ಅನುಕರಿಸಿ ಬಡಿದವರು ಅನೇಕರು. ಮುದ್ರೆಯಿರುವುದು ಒಂದು ಸೂಚನೆ ಮಾತ್ರ. ಅಲಗಿನ ಉದ್ದ, ತೋಡುಗೆರೆಗಳ ಕ್ರಮ, ಉಕ್ಕಿನ ಬಗೆ ಇವೆಲ್ಲ ಅದರೊಡನೆ ಹೊಂದಿದಾಗಲೇ ಅದು ಪ್ರಮಾಣವಾಗುತ್ತದೆ.

ಎರಡನೆಯವು ಕಂಪನಿಯ ಮತ್ತು ಬ್ರಿಟಿಷ ಸರಕಾರದವು. ೧೭೯೬ರ ಮಾದರಿಯ ಕುದುರೆದಂಡಿನ ಬಾಗಿದ ಖಡ್ಗವು, ರಿಕಾಪಿನ ಆಕಾರದ ಕೈಕಾಪಿನಿಂದ ಸುಲಭವಾಗಿ ಗುರುತಿಸಲ್ಪಡುತ್ತದೆ. ಅಂತಹ ಒಂದು ಖಡ್ಗವು ಕಿತ್ತೂರಿನ ಬಳಿಯ ಮನೆಯೊಂದರಲ್ಲಿ ಸಿಕ್ಕಿತೆಂದು ಭಾವಿಸೋಣ. ಅದು ೧೮೨೪ರ ಅಕ್ಟೋಬರ ೨೩ರಂದು ಕಂಪನಿಯ ಸವಾರನಿಂದ ಕಸಿದುಕೊಂಡುದಾಗಿರಬಹುದು. ಅರ್ಧ ಶತಮಾನದ ತರುವಾಯ ಬೆಳಗಾವಿಯ ಪೇಟೆಯಲ್ಲಿ ಕೊಂಡುದೂ ಆಗಿರಬಹುದು. ಅಲಗು ಮೊದಲನೆಯದಕ್ಕೆ ಅಡ್ಡಿ ಹೇಳುವುದಿಲ್ಲ, ಅದನ್ನು ಸ್ಥಾಪಿಸುವುದೂ ಇಲ್ಲ. ಆದರೆ ಅದೇ ಮನೆಯ ಇನ್ನೊಂದು ತಲವಾರದ ಮೇಲೆ 'ಐ. ಎಸ್. ಡಿ.' ಎಂಬ ಇಂಗ್ಲಿಷ ಅಕ್ಷರಗಳಿದ್ದರೆ ಮಾತು ಬೇರೆ. ಅದು ೧೮೫೮ರಲ್ಲಿ ಕಂಪನಿಯ ಆಳಿಕೆಯು ಮುಗಿದ ತರುವಾಯ ಹುಟ್ಟಿದ ಇಂಡಿಯಾ ಸ್ಟೋರ್ಸ್ ಇಲಾಖೆಯ ಗುರುತು. ಆ ಖಡ್ಗವು ಚನ್ನಮ್ಮನ ಕಾಲದ್ದಾಗುವುದು ಸರ್ವಥಾ ಅಸಾಧ್ಯ, ಹೇಳುವವರು ಎಷ್ಟೇ ಗೌರವಸ್ಥರಾಗಿದ್ದರೂ ಸರಿ. ಇಂತಹ ಒಂದು ಅಕ್ಷರವು ನೂರು ಕಥೆಗಳನ್ನು ಸುಳ್ಳುಮಾಡಬಲ್ಲುದು. ಆದರೆ ಒಂದು ಕಥೆಯನ್ನು ನಿಜವೆಂದು ತೋರಿಸಲು ನೂರು ಗುರುತುಗಳು ಕೂಡ ಸಾಲದಿರಬಹುದು.

ಈ ವಿವೇಕವು ಹೊರನಾಡುಗಳಲ್ಲಿಯೂ ಕಷ್ಟದಿಂದಲೇ ಬಂದಿದೆ. ಫಿಲಿಪ್ಪೀನ್ ದ್ವೀಪಗಳ ದಕ್ಷಿಣ ಭಾಗದಲ್ಲಿರುವ ಮೋರೋ ಜನರ ಕ್ರಿಸ್, ಬಾರೋಂಗ್, ಕಾಂಪಿಲಾನ್ ಎಂಬ ಅಲಗುಗಳನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೇರಿಕದ ಸೈನಿಕರು ಯುದ್ಧದ ನೆನಪಿಗೆಂದು ಸಾಗಿಸಿದರು. ಪ್ರತಿಯೊಂದಕ್ಕೂ ಒಂದೊಂದು ಸಾಹಸದ ಕಥೆ ಅಂಟಿಕೊಂಡಿತು. ಕಥೆಗಳನ್ನು ಬದಿಗಿಟ್ಟು ರಚನೆಯನ್ನು ನೋಡಿದ ಪರೀಕ್ಷಕರು, ಹಳೆಯ ಕ್ರಿಸ್ಸಿನಲ್ಲಿ ಹಿಡಿಯ ಬುಡದ ಪಟ್ಟಿಯು ಅಲಗಿನಿಂದ ಬೇರೆಯಾದ ತುಂಡಾಗಿಯೂ, ಈಚಿನವುಗಳಲ್ಲಿ ಅಲಗಿನೊಡನೆ ಒಂದೇ ಆಗಿ ಸಂದಿನ ಜಾಗದಲ್ಲಿ ಬರಿಯ ಗೆರೆಯಾಗಿಯೂ ಇರುವುದನ್ನು ಕಂಡುಕೊಂಡರು. ಹೀಗೆ ಬೆರಳಗಲದ ಒಂದು ಸಂದಿನಿಂದ ಕಾಲವಿಭಾಗವು ಸಾಧ್ಯವಾಯಿತು. ನಮ್ಮ ಖಡ್ಗಗಳಲ್ಲಿಯೂ ಅಂತಹ ಸಂದುಗಳನ್ನು ಹುಡುಕುವ ಕಣ್ಣು ಬೆಳೆಯಬೇಕಾಗಿದೆ.

೬. ಕೃತ್ರಿಮಗಳು

ಈಚಿನ ದಶಕಗಳಲ್ಲಿ ಕೃತ್ರಿಮ ಖಡ್ಗಗಳ ಹಾವಳಿಯು ಹೆಚ್ಚಿದೆ. ಮೋಟರು ಗಾಡಿಯ ಬಿಲ್ಲುಪಟ್ಟಿಯಿಂದ ಬಡಿದ ಅಲಗನ್ನು ಆಮ್ಲದಲ್ಲಿ ಅದ್ದಿ, ಕೆಲವು ಕಾಲ ಮಣ್ಣಿನಲ್ಲಿ ಹೂಳಿಟ್ಟು ಮಾರುವುದುಂಟು. ಇದನ್ನು ಕಂಡುಹಿಡಿಯಲು ಕೆಲವು ಲಕ್ಷಣಗಳಿವೆ. ನಿಜವಾದ ತುಕ್ಕು ಎಲ್ಲ ಕಡೆಗೆ ಸಮನಾಗಿರುವುದಿಲ್ಲ; ಕೈತಾಗುವ ಭಾಗದಲ್ಲಿ ಕಡಿಮೆ, ಒರೆಯ ಬಾಯಿ ತಾಗುವಲ್ಲಿ ಮತ್ತು ಮೊನೆಯಲ್ಲಿ ಹೆಚ್ಚು. ಆಮ್ಲದ ತುಕ್ಕು ಸಿಡುಬಿನ ಕಲೆಯಂತೆ ಒಂದೇ ಆಳದ್ದಾಗಿರುತ್ತದೆ. ಹಳೆಯ ಹಿಡಿಗಳ ಕೂಡಿಕೆಗಳಲ್ಲಿ ವಿದ್ಯುತ್ತಿನ ಬೆಸುಗೆಯ ಗಂಟುಗಳಿರುವುದು ಅಸಾಧ್ಯ. ಯಂತ್ರದ ಸಾಣೆಯ ಗೆರೆಗಳು ಸಮಾಂತರವಾಗಿ ಒಂದೇ ದಿಕ್ಕಿಗೆ ಓಡುತ್ತವೆ. ಹಳೆಯ ಚಿನ್ನ ಬೆಳ್ಳಿಯ ಕೆಲಸದಲ್ಲಿ ಕಬ್ಬಿಣದ ಮೈಯನ್ನು ಒರಟಾಗಿ ಗೀರಿ ತಂತಿಯನ್ನು ಬಡಿದು ಕೂಡಿಸಿರುವುದರಿಂದ, ತಂತಿ ಉದುರಿದ ಕಡೆಗೆ ಆ ಗೀರುಗಳು ತೋರುತ್ತವೆ. ಹೊಸದರಲ್ಲಿ ಬಣ್ಣವು ಸುಲಿಯುತ್ತದೆ, ಗೀರು ತೋರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು ತೂಕದ ಹದ. ಬೀಸುವುದಕ್ಕೆಂದು ಮಾಡಿದ ಅಲಗು ಬುಡದಿಂದ ತುದಿಗೆ ಹೋಗುತ್ತ ತೆಳುವಾಗುತ್ತದೆ. ಗೋಡೆಗೆಂದು ಮಾಡಿದುದು ಉದ್ದಕ್ಕೂ ಒಂದೇ ದಪ್ಪವಾಗಿದ್ದು ಕೈಗೆ ಜಡವಾಗಿರುತ್ತದೆ.

ಕೃತ್ರಿಮವಲ್ಲದಿದ್ದರೂ ಹೊಸವಾದ ಇನ್ನೊಂದು ವರ್ಗವುಂಟು, ದೇವರ ಆಯುಧಗಳು. ರಾಮದುರ್ಗ ತಾಲೂಕಿನ ಗೊಡಚಿಯ ವೀರಭದ್ರನ ಜಾತ್ರೆಯಲ್ಲಿ ಪುರವಂತರು ಹಿಡಿದು ಕುಣಿಯುವ ಖಡ್ಗಗಳಲ್ಲಿ ಹಳೆಯವೂ ಇರಬಹುದು, ಹಳೆಯ ಮಾದರಿಯಲ್ಲಿ ಹೊಸದಾಗಿ ಮಾಡಿಸಿದವೂ ಇರಬಹುದು. ಸವದತ್ತಿಯ ಎಲ್ಲಮ್ಮನ ಕಥೆಯೊಡನೆ ಪರಶುರಾಮನ ಕೊಡಲಿಯು ಸೇರಿರುವಂತೆ ಆಯುಧವು ಇಲ್ಲಿ ಪೂಜೆಯ ವಸ್ತು. ಇವುಗಳನ್ನು ಸಂಗ್ರಹಕ್ಕೆಂದು ಕೇಳುವುದು ಅನುಚಿತ. ಅಳತೆ, ಚಿತ್ರಗಳನ್ನು ಅರ್ಚಕರ ಸಮ್ಮತಿಯಿಂದ ತೆಗೆದುಕೊಂಡರೆ ಸಾಕು. ಮಾದರಿಯು ತಲೆಮಾರಿನಿಂದ ತಲೆಮಾರಿಗೆ ಹೇಗೆ ಸಾಗುತ್ತದೆಂಬುದನ್ನು ತಿಳಿಯಲು ಇವು ಅತ್ಯುಪಯುಕ್ತವಾಗಿವೆ.

೭. ಮನೆಯ ಮಾತು

ಹಾಗಾದರೆ ಮನೆತನದ ಹೇಳಿಕೆಗಳಿಗೆ ಬೆಲೆಯಿಲ್ಲವೇ? ನಮ್ಮ ಅಭಿಪ್ರಾಯದಲ್ಲಿ ಬಹಳ ಬೆಲೆಯುಂಟು. ಆದರೆ ಅದು ಬೇರೆ ಬಗೆಯದು. ಸವದತ್ತಿಯ ರಟ್ಟಶಾಸನಗಳನ್ನು ಪ್ರಕಟಿಸಿದ ಫ್ಲೀಟ ಮಹಾಶಯನೇ ಕಿತ್ತೂರು, ಸಂಗೊಳ್ಳಿ, ಹಲಗಲಿಗಳ ಲಾವಣಿಗಳನ್ನೂ ಕೂಡಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದನು. ಲಾವಣಿಯನ್ನು ಅವನು ಶಾಸನವೆಂದು ಎಣಿಸಲಿಲ್ಲ, ಬಿಸಾಡಲೂ ಇಲ್ಲ. ಹೇಳಿಕೆಯನ್ನು ನಾವು ಹಾಗೆಯೇ ಕಾಣಬೇಕು. ಹೇಳಿದವರ ಮಾತಿನಲ್ಲಿಯೇ, ತಿದ್ದದೆ, ತಾರೀಖು ಸಹಿತವಾಗಿ ಬರೆದಿಡಬೇಕು. ಆ ಮಾತು ಅಜ್ಜನಿಂದ ಬಂದುದೋ, ನಾಟಕ ಸಿನಿಮಾಗಳಿಂದ ಬಂದುದೋ ಎಂಬುದನ್ನು ಮೆಲ್ಲನೆ ಕೇಳಬೇಕು. ೧೯೬೧ರಲ್ಲಿ ಬಿ. ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಚಿತ್ರವು ಬಂದ ತರುವಾಯ ರಾಣಿಯ ಖಡ್ಗವೆಂದರೆ ಹೀಗೆಯೇ ಇರಬೇಕೆಂಬ ಒಂದು ಕಲ್ಪನೆ ಜನರ ಮನಸ್ಸಿನಲ್ಲಿ ನಿಂತಿದೆ. ವರ್ತುಲಗಳಲ್ಲಿ ನಿಂತ ಪ್ರತಿಮೆಗಳು ಅದನ್ನು ಗಟ್ಟಿಮಾಡಿವೆ. ಶಿಲ್ಪಿಯ ಖಡ್ಗವು ಶ್ರದ್ಧೆಯ ಗುರುತು, ಇ‍ತಿಹಾಸದ ಪ್ರಮಾಣವಲ್ಲ.

ಒಂದು ಮನೆಯವರು ಇನ್ನೂರು ವರ್ಷ ಒಂದು ಅಲಗನ್ನು ಕಾಯದೆಯ ಭಯದಲ್ಲಿಯೂ ಬಚ್ಚಿಟ್ಟು ಕಾಪಾಡಿದ್ದರೆ, ಆ ಅಲಗು ರಾಯಣ್ಣನ ಸಂಗಡ ಹೋಗದಿದ್ದರೂ ಆ ಕಾಪಾಡುವಿಕೆಯೇ ಒಂದು ಇತಿಹಾಸ. ೧೮೯೦ರ ಅಲಗನ್ನು ೧೮೨೪ರದೆಂದು ನಂಬಿ ಪೂಜಿಸಿದ ಮನೆಯು ಸುಳ್ಳು ಹೇಳುತ್ತಿಲ್ಲ. ಕಳೆದುಹೋದ ಒಂದು ಅಲಗಿನ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟುಕೊಂಡಿದೆ. ಅದನ್ನು ಅವರಿಗೆ ನೋವಾಗದಂತೆ ತಿಳಿಸುವುದು ಸಂಶೋಧಕನ ಧರ್ಮ, ತನ್ನ ಟಿಪ್ಪಣಿಯಲ್ಲಿ ಸತ್ಯವನ್ನೇ ಬರೆಯುವುದೂ ಅವನ ಧರ್ಮವೇ.

೮. ಸಂಗ್ರಹ ಮತ್ತು ರಕ್ಷಣೆ

ಹೆಸರಾಂತ ಖಡ್ಗಗಳ ಬೆಲೆಯು ಇಂದು ಆಕಾಶಕ್ಕೇರಿದೆ. ಟಿಪ್ಪೂ ಸುಲ್ತಾನನ ಶಯನಗೃಹದ ಖಡ್ಗವು ೨೦೨೩ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದು ಕೋಟಿ ನಾಲ್ವತ್ತು ಲಕ್ಷ ಪೌಂಡುಗಳನ್ನು ಮೀರಿ ಮಾರಾಟವಾಯಿತು. ಅಲಗಿನ ಗುಣದಷ್ಟೇ, ಶ್ರೀರಂಗಪಟ್ಟಣದಿಂದ ಅದು ಯಾರ ಕೈಗೆ ಹೇಗೆ ಹೋಯಿತೆಂಬ ದಾಖಲೆಯೂ ಆ ಬೆಲೆಗೆ ಕಾರಣ. ದಾಖಲೆಯಿಲ್ಲದ ನಮ್ಮ ಸೀಮೆಯ ಅಲಗುಗಳಿಗೆ ಅಂತಹ ಬೆಲೆಯಿಲ್ಲ. ಆದುದರಿಂದಲೇ ಅವು ಹಳೆಯ ಕಬ್ಬಿಣದ ತೂಕಕ್ಕೆ ಹೋಗುವ ಅಪಾಯವಿದೆ. ನೂರು ವರ್ಷ ಮೀರಿದ ಇಂತಹ ವಸ್ತುಗಳು ೧೯೭೨ರ ಪ್ರಾಚ್ಯವಸ್ತು ಕಾಯದೆಗೆ ಒಳಪಟ್ಟಿದ್ದು, ಖಾಸಗಿಯವರು ಅವುಗಳನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಪರವಾನಿಗೆಯಿಲ್ಲದೆ ವ್ಯಾಪಾರ ಮಾಡುವಂತೆಯೂ ಇಲ್ಲ. ೧೯೫೯ರ ಆಯುಧ ಕಾಯದೆಯ ನಿಯಮಗಳನ್ನೂ ಸಂಗ್ರಾಹಕರು ತಿಳಿದುಕೊಂಡಿರಬೇಕು.

ಪ್ರತಿಯೊಂದು ಅಲಗಿಗೂ ಒಂದು ಹಾಳೆಯನ್ನು ಮಾಡಬೇಕು. ಬುಡದಿಂದ ಮೊನೆಗೆ ನೇರವಾದ ಉದ್ದ, ಬುಡದ ಅಗಲ, ಬುಡದಲ್ಲಿ ಮತ್ತು ತುದಿಯಲ್ಲಿ ದಪ್ಪ, ತೂಕ, ಬೆರಳಮೇಲೆ ಸಮತೂಗುವ ಸ್ಥಾನ, ಎರಡೂ ಮೈಗಳ ಚಿತ್ರ, ಮುದ್ರೆಗಳ ಅಚ್ಚು, ಹಿಡಿಯ ವರ್ಣನೆ, ಒರೆಯ ವರ್ಣನೆ, ಕೊನೆಗೆ ಪ್ರತ್ಯೇಕ ಅಂಕಣದಲ್ಲಿ ಮನೆಯ ಮಾತು. ಅಭಿಪ್ರಾಯವನ್ನು ವಸ್ತುವಿನ ವರ್ಣನೆಯೊಡನೆ ಎಂದೂ ಬೆರೆಸಬಾರದು.

ರಕ್ಷಣೆಯ ವಿಷಯದಲ್ಲಿ ಭಕ್ತಿಯಿಂದಲೇ ಹಾನಿಯಾಗುವುದು ವಿಷಾದಕರ. ಖಂಡೇಪೂಜೆಯಂದು ಅಲಗಿಗೆ ಲಿಂಬೆಹಣ್ಣು ಚುಚ್ಚಿ ಇಲ್ಲವೆ ಅದರಿಂದ ಕೊಯ್ದು, ರಸವನ್ನು ಒರೆಸದೆ ಬಿಡುವುದರಿಂದ ಉಕ್ಕಿನಲ್ಲಿ ಕಪ್ಪು ಕುಳಿಗಳಾಗುತ್ತವೆ. ಕುಂಕುಮ ಎಣ್ಣೆಗಳ ಪದರದ ಕೆಳಗೆ ತೇವವು ನಿಲ್ಲುತ್ತದೆ. ಹಬ್ಬಕ್ಕೆ ಮೊದಲು ಮರಳುಕಾಗದದಿಂದ ತಿಕ್ಕುವುದರಿಂದ ಮುದ್ರೆಗಳೂ ತೆರೆಗಳೂ ಅಳಿಯುತ್ತವೆ. ಪೂಜೆಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಕುಂಕುಮವನ್ನು ಹಿಡಿಗೆ ಮಾತ್ರ ಹಚ್ಚಿ, ಪೂಜೆ ಮುಗಿದೊಡನೆ ಒಣಬಟ್ಟೆಯಿಂದ ಒರೆಸಿ, ಖನಿಜ ತೈಲವನ್ನು ತೆಳ್ಳಗೆ ಸವರಿದರೆ ಸಾಕು. ತೊಗಲಿನ ಒರೆಯು ತೇವವನ್ನು ಹಿಡಿದಿಡುವುದರಿಂದ ಅಲಗನ್ನು ಒರೆಯ ಹೊರಗೆ, ಒರೆಯನ್ನು ಅದರ ಪಕ್ಕದಲ್ಲಿ ಇಡಬೇಕು. ಹಿಡಿಯನ್ನು ಕಾಸುವುದಾಗಲಿ, ಬಿಸಿಲಿಗಿಡುವುದಾಗಲಿ ಒಳ್ಳಿತಲ್ಲ, ಅರಗು ಸಡಿಲಾಗುತ್ತದೆ.

ಕಿತ್ತೂರಿನ ಕೋಟೆಯ ಆವರಣದ ವಸ್ತುಸಂಗ್ರಹಾಲಯದಲ್ಲಿಯೂ, ೧೯೩೯ರಲ್ಲಿ ಸ್ಥಾಪಿತವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿಯೂ ಈ ಸೀಮೆಯ ವಸ್ತುಗಳಿಗೆ ಆಶ್ರಯವಿದೆ. ಆದರೆ ಎಲ್ಲ ಅಲಗುಗಳೂ ವಸ್ತುಸಂಗ್ರಹಾಲಯವನ್ನು ಸೇರಬೇಕಾಗಿಲ್ಲ. ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಪತ್ತನ್ನೆಲ್ಲ ವಿದ್ಯೆಗಾಗಿ ಮುಡಿಪಿಟ್ಟು ೧೯೦೬ರಲ್ಲಿ ಗತಿಸಿದರು. ಆ ಔದಾರ್ಯದ ನಾಡಿನವರು ತಮ್ಮ ಮನೆಯ ಅಲಗನ್ನು ಮನೆಯಲ್ಲಿಯೇ ಇಟ್ಟುಕೊಂಡು, ಅದರ ಹಾಳೆಯೊಂದನ್ನು ಮಾತ್ರ ವಿದ್ಯೆಗೆ ದಾನಮಾಡಲು ಹಿಂಜರಿಯಲಾರರೆಂದು ನಮ್ಮ ನಂಬಿಕೆ. ಊರಿಗೊಬ್ಬ ಶಿಕ್ಷಕರು ತಮ್ಮ ಊರಿನ ಹತ್ತು ಅಲಗುಗಳ ಹಾಳೆಗಳನ್ನು ಬರೆದರೂ ಸಾಕು, ಕಿತ್ತೂರು ಸೀಮೆಯ ಆಯುಧಗಳ ಮೊದಲ ಪಟ್ಟಿಯು ಸಿದ್ಧವಾಗುತ್ತದೆ. ಆ ಪಟ್ಟಿಯಲ್ಲಿ ೧೮೨೪ರ ನಿಜವಾದ ಅಲಗುಗಳು ನಾಲ್ಕೇ ಉಳಿದರೂ, ಅವು ಸಂಶಯಕ್ಕೆಡೆಯಿಲ್ಲದ ನಾಲ್ಕು ಆಗಿರುವುವು. ಈ ಕಾರ್ಯದಲ್ಲಿ ನಿರತರಾಗುವ ಮಹನೀಯರು ತಮ್ಮ ಟಿಪ್ಪಣಿಗಳನ್ನು ಈ ಪತ್ರಿಕೆಗೆ ಕಳಿಸಿಕೊಡಬೇಕೆಂದು ಪ್ರಾರ್ಥಿಸುತ್ತೇವೆ.